ಗುರುತಿನ ದಾರ

ಜನವರಿ 9

ಪ್ರೀತಿಯ ಮೊಂಡನಿಗೆ,

ನಿನ್ನ ಫೋನಿಗೆ ಏನು ಬಂದಿದೆ? ಯಾವಾಗ ಮಾಡಿದರೂ ಅದೇ ಹೆಂಗಸು ಅದೇ ದನಿಯಲ್ಲಿ ಸ್ವಿಚ್ ಆಫ್ ಆಗಿದೆ ಅನ್ನುತ್ತಾಳೆ. ಮೊನ್ನೆ ಅವಳಿಗೇ ನಾಲ್ಕು ಮಾತು ಹೇಳಿ ಇಟ್ಟೆ. ಪಾಪ, ಆ ದಿನ ನನ್ನ ಜೊತೆ ಮಾತಾಡಿದವಳು ಅವಳೊಬ್ಬಳೇ. ಅದಕ್ಕೇ ಈ ಕಾಗದ. ನನ್ನ ಕೈಬರಹ ನೋಡಿ ನಗಬೇಡ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಷ್ಟು ವರ್ಷ ನಾನು ಬರೆದದ್ದೆಲ್ಲ ಸೂಜಿ ದಾರದಲ್ಲಿ.

ಒಂದು ಸುದ್ದಿ ಇದೆ. ಹಿತ್ತಲು ಖಾಲಿ ಮಾಡಿಸಿದೆ. ನಿನ್ನ ಭಾವ ಹೋಗಿ ಎರಡು ವರ್ಷವಾದರೂ ಅವರ ಸಾಮಾನಿಗೆ ಕೈ ಹಚ್ಚಲು ಮನಸ್ಸು ಬಂದಿರಲಿಲ್ಲ. ಬಸ್ ಡಿಪೋದ ಮೆಕ್ಯಾನಿಕ್, ಕೆಟ್ಟು ನಿಂತ ಬಸ್ಸುಗಳ ಕೈಕಾಲನ್ನೆಲ್ಲ ಕಿತ್ತು ತಂದು ಇಲ್ಲಿ ಪೇರಿಸಿದ್ದರಲ್ಲ. ಸೀಟು, ಸ್ಟಿಯರಿಂಗು, ಕಿಟಕಿಯ ಸರಳು. ಕೇಳಿದರೆ "ಇರ್ಲಿ ಬಿಡೇ, ಯಾವತ್ತಾದ್ರೂ ಬೇಕಾಗುತ್ತೆ" ಅನ್ನುತ್ತಿದ್ದರು. ಆ ಯಾವತ್ತಾದರೂ ಬರಲೇ ಇಲ್ಲ. ಗುಜರಿಯವನನ್ನು ಕರೆಸಿ ಕೊಟ್ಟುಬಿಟ್ಟೆ. ಬಸ್ಸಿನೊಳಗೆ ಪ್ರಯಾಣಿಕರ ತಲೆಯ ಮೇಲ್ಗಡೆ ಸಾಮಾನು ಇಡುವ ಉದ್ದನೆಯ ರ‍್ಯಾಕು ಇರುತ್ತದಲ್ಲ, ಅದೊಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅವರು ಅದನ್ನು ಹೆಗಲ ಮೇಲೆ ಹೊತ್ತು, ರಾಜ್ಯ ಗೆದ್ದವರ ಹಾಗೆ ಬಂದದ್ದು ಕಣ್ಣಿಗೆ ಕಟ್ಟಿದೆ. ಎಲ್ಲ ಹೋದ ಮೇಲೆ ಕೆಳಗೆ ಮಣ್ಣು ಕಂಡಿತು, ಕಪ್ಪಗೆ, ಎರೆಹುಳದ ಸಮೇತ.

ಆಗಿನಿಂದ ನನ್ನ ತಲೆಯೊಳಗೂ ಒಂದು ಹುಳ ಹೊಕ್ಕಿದೆ. ತರಕಾರಿ ಬೆಳೆಯಬೇಕು. ನನ್ನ ಒಂದು ಹೊಟ್ಟೆಗೆ ಎಷ್ಟು ಬೇಕು? ಈ ಓಣಿಯಲ್ಲಿ ಕಷ್ಟದಲ್ಲಿರುವವರಿಗೆ ಕೊಡಬೇಕು. ಯಾರು ಕಷ್ಟದಲ್ಲಿದ್ದಾರೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ, ಬಟ್ಟೆ ಒಣಹಾಕಿದ ತಂತಿ ನೋಡಿದರೆ ಸಾಕು. ಮೂರನೇ ಮನೆಯ ಡ್ರೈವರನ ಖಾಕಿ ಅಂಗಿ ತಂತಿಯ ಮೇಲೆ ಕಾಣದೆ ತಿಂಗಳುಗಳಾದವು, ಅಂದರೆ ಕೆಲಸ ಹೋಗಿದೆ. ಕೊನೆಯ ಮನೆಯ ಟ್ಯೂಷನ್ ಮೇಷ್ಟ್ರು ನಡುವೆ ಹರಿದ ಹೊದಿಕೆಯನ್ನು ಉದ್ದಕ್ಕೆ ಸೀಳಿ, ಇನ್ನೂ ಗಟ್ಟಿಯಿರುವ ಅಂಚುಗಳನ್ನು ನಡುವಿಗೆ ತಂದು ಹೊಲಿದಿದ್ದಾರೆ. ಮಹಡಿ ಮೇಲಿನ ಬಾಣಂತಿ ತನ್ನ ಒಳ್ಳೆಯ ಉಡುಪುಗಳನ್ನು ಕತ್ತರಿಸಿ ಮಗುವಿಗೆ ಬಟ್ಟೆ ಮಾಡಿದ್ದಾಳೆ. ಮನುಷ್ಯರು ಸುಳ್ಳು ಹೇಳಿಯಾರು, ಒಗೆದ ಬಟ್ಟೆ ಹೇಳುವುದಿಲ್ಲ.

ಚೀಲಗಳು ಆಗಲೇ ತಯಾರಾಗಿವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನು, ಪರವಾಗಿಲ್ಲ. ಡ್ರೈವರನ ಮನೆಗೆ ಕೆಂಪು ದಾರದ ಗುರುತು, ಮೇಷ್ಟ್ರಿಗೆ ನೀಲಿ, ಬಾಣಂತಿಗೆ ಹಸಿರು. ವಾರ್ಡುಗಳ ಹೊದಿಕೆಗೆ ಹಾಕುತ್ತಿದ್ದೆನಲ್ಲ, ಹಾಗೇ. ಹೋದದ್ದು ಎಲ್ಲಿಗೆ ಹೋಯಿತು, ವಾಪಸು ಬಂತೋ ಇಲ್ಲವೋ ಗೊತ್ತಾಗಬೇಕು.

ಆದರೆ ಯಾವ ಬೀಜ ಎಲ್ಲಿ ಹಾಕಬೇಕು ಅಂತ ನನಗೆ ತಿಳಿಯದು. ಚಿಕ್ಕಂದಿನಲ್ಲಿ ತಾರಸಿಯ ಮೇಲೆ ಎಣ್ಣೆ ಡಬ್ಬಗಳಲ್ಲಿ ಬೀನ್ಸ್ ಬೆಳೆಸಿದವನು ನೀನು. ಅದಕ್ಕೆ ಕೋಲು ಕಟ್ಟಲು ಹೋಗಿ ಬಿದ್ದು ಎಡಗೈ ಮುರಿದುಕೊಂಡವನೂ ನೀನೇ. ಆ ಕೈ ಸೊಟ್ಟಗೆ ಕೂಡಿಕೊಂಡು, ಇವತ್ತಿಗೂ ನಿನಗೆ ಯಾವ ಅಂಗಿ ಹಾಕಿದರೂ ಎಡತೋಳು ಎರಡು ಬೆರಳು ಉದ್ದ. ಆ ಪೆಟ್ಟಿನ ಋಣಕ್ಕಾದರೂ ಒಂದು ಯೋಜನೆ ಹಾಕಿ ಕಳಿಸು. ದೊಡ್ಡ ಕಂಪನಿಯ ಲಿಫ್ಟ್ ಮೇಲ್ವಿಚಾರಕನಿಗೆ ಪುರುಸೊತ್ತಿದ್ದರೆ.

ನಿನ್ನ ಅಕ್ಕ


ಜನವರಿ 30

ಜೋರಮ್ಮನವರಿಗೆ ನಮಸ್ಕಾರ.

ಕಾಗದ ತಡವಾಗಿ ಸಿಕ್ಕಿತು. ನಮ್ಮ ಕಂಪನಿ ಕಚೇರಿ ಬದಲಾಯಿಸುತ್ತಿದೆ, ಮೇಜು ಕುರ್ಚಿಗಳೆಲ್ಲ ಹೊರಗೆ ಬಿದ್ದಿವೆ. ಇನ್ನು ಮುಂದೆ ಇಲ್ಲಿನ ಅಂಚೆ ಕಚೇರಿಯ ವಿಳಾಸಕ್ಕೇ ಬರೆ, ನಾನು ಹೋಗಿ ತೆಗೆದುಕೊಳ್ಳುತ್ತೇನೆ. ಫೋನು ಹತ್ತನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿತ್ತು. ಹೊಸದು ಕೊಳ್ಳಬೇಕು, ಕೆಲಸದ ಗಡಿಬಿಡಿಯಲ್ಲಿ ಆಗುತ್ತಿಲ್ಲ.

ನಿನ್ನ ತೋಟ. ಮೊದಲು ಹಾಳೆಯ ಮೇಲೆ ಬೆಳೆ, ಆಮೇಲೆ ಮಣ್ಣಿನಲ್ಲಿ. ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಿತ್ತಲಿಗೆ ಹೋಗಿ ಬಿಸಿಲು ಎಲ್ಲಿದೆ ಅಂತ ಕಡ್ಡಿಯಿಂದ ಗೆರೆ ಎಳೆ. ಬೀನ್ಸ್ ಗೋಡೆಗೆ ಹಬ್ಬಲಿ. ಎತ್ತರದ ಗಿಡವೆಲ್ಲ ಒಂದೇ ಬದಿಗೆ ಇರಲಿ, ಇಲ್ಲದಿದ್ದರೆ ಗಿಡ್ಡವಕ್ಕೆ ನೆರಳು ಬೀಳುತ್ತದೆ. ಸೊಪ್ಪು ನಲ್ಲಿಯ ಹತ್ತಿರ. ಟೊಮೆಟೊಗೆ ಈಗಲೇ ಕೋಲು ನೆಡು, ಆಮೇಲೆ ನೆಟ್ಟರೆ ಬೇರಿಗೆ ಏಟು. ಮುಖ್ಯವಾದ ಮಾತು, ಬೀಜವನ್ನೆಲ್ಲ ಒಂದೇ ದಿನ ಸುರಿಯಬೇಡ. ವಾರಕ್ಕೊಂದು ಸಾಲು ಹಾಕು. ಒಂದೇ ಸಲ ಬುಟ್ಟಿಗಟ್ಟಲೆ ಬಂದು, ಮುಂದಿನ ತಿಂಗಳು ಏನೂ ಇಲ್ಲದಿದ್ದರೆ ತಿನ್ನುವವರಿಗೆ ಉಪಯೋಗವಿಲ್ಲ. ಹಸಿವು ವಾರವಾರವೂ ಬರುತ್ತದೆ.

ಕುಂಬಳಕಾಯಿ ಬೇಡ. ನಮ್ಮ ಮಹಡಿಯಲ್ಲಿ, ಎದುರು ಕೋಣೆಯಲ್ಲಿ, ಒಬ್ಬ ಪೇಂಟರ್ ಇದ್ದಾನೆ. ಏಣಿಯಿಂದ ಬಿದ್ದು ಬಲಭುಜ ಕೆಟ್ಟಿದೆ, ಕೈ ತಲೆಯಿಂದ ಮೇಲಕ್ಕೆ ಏಳುವುದಿಲ್ಲ, ಹಾಗಾಗಿ ಕೆಲಸವಿಲ್ಲ. ನಿನ್ನ ವಿಷಯ ಹೇಳಿದೆ. "ಕುಂಬಳಕಾಯಿ ಕೊಡೋರು ಅದನ್ನ ಬೇಯಿಸೋಕೆ ಪಾತ್ರೆನೂ ಕೊಡ್ತಾರಾ ಕೇಳಿ" ಅಂದ. ಅವನ ಕೋಣೆಯಲ್ಲಿ ಇರುವುದು ಒಂದು ಸಣ್ಣ ಒಲೆ, ಅದರ ಮೇಲೆ ಕೂರುವ ಒಂದು ಪಾತ್ರೆ. ಇನ್ನೊಂದು ಮಾತು ಹೇಳಿದ, ಚೀಲಕ್ಕೆ ಗುರುತು ಹಾಕಬೇಡಿ ಅಂತ. ಯಾಕೆ ಅಂತ ನಾನು ಕೇಳಲಿಲ್ಲ.

ಮೊಂಡ


ಏಪ್ರಿಲ್ 3

ಪ್ರೀತಿಯ ಮೊಂಡನಿಗೆ,

ನಿನ್ನ ಯೋಜನೆಯ ಪ್ರಕಾರವೇ ಎಲ್ಲ ನಡೆಯಿತು. ಬೀನ್ಸ್ ಗೋಡೆ ಹತ್ತಿ ಆಚೆ ಇಣುಕುತ್ತಿದೆ. ಮೂಲಂಗಿ ಎರಡು ಕಂತು ಕಿತ್ತೆ, ಸೊಪ್ಪು ಕೊಯ್ದಷ್ಟೂ ಬರುತ್ತಿದೆ, ಟೊಮೆಟೊ ಇನ್ನೂ ಹಸಿರು. ಕುಂಬಳ ಮಾತ್ರ ಹಾಕಿಯೇ ಹಾಕಿದೆ, ಮೂಲೆ ಸುಮ್ಮನೆ ಬಿದ್ದಿತ್ತು. ಕುಂಬಳಕಾಯಿ ಅಂದರೆ ನೀನೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀ?

ಮೂರೂ ಮನೆಗೆ ಚೀಲ ಹೋಗುತ್ತಿದೆ. ಎಲ್ಲರಿಗೂ ಬಹಳ ಸಂತೋಷ. ಗುರುತಿನ ವಿಷಯದಲ್ಲಿ ನಿನ್ನ ಪೇಂಟರಿಗೆ ಹೇಳು, ಅವನು ಗೋಡೆಗೆ ಬಣ್ಣ ಹೊಡೆಯುವವನು, ಚೀಲದ ವಿಷಯ ನನಗೆ ಬಿಡಲಿ. ಗುರುತಿಲ್ಲದಿದ್ದರೆ ಕೆಂಪಿನ ಮನೆಯದು ನೀಲಿಗೆ, ನೀಲಿಯದು ಹಸಿರಿಗೆ ಹೋಗಿ ಎಲ್ಲ ಗೋಜಲಾಗುತ್ತದೆ.

ತೋಟ ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ. ನಿನ್ನ ಅಕ್ಷರ ಯಾಕೆ ಹಾಗೆ ವಾಲಾಡುತ್ತಿದೆ, ಮುಂಚೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದೆ.

ನಿನ್ನ ಅಕ್ಕ


ಏಪ್ರಿಲ್ 19

ಅಕ್ಕಾ,

ಚಲಿಸುವ ಲಿಫ್ಟಿನಲ್ಲಿ ಕೂತು ಬರೆದರೆ ಅಕ್ಷರ ವಾಲಾಡದೆ ಇನ್ನೇನು ಮಾಡೀತು?

ನಿನ್ನ ಕಾಗದ ಓದಿ ಮಡಿಚಿಟ್ಟೆ, ಮತ್ತೆ ತೆಗೆದು ಓದಿದೆ. ಏನೋ ಕಡಿಮೆ ಇದೆ ಅನ್ನಿಸಿತು. ಪಕ್ಕದ ಮನೆಯವರು ಸೀನಿದರೆ ಅದನ್ನು ಎರಡು ಪುಟ ಬರೆಯುವವಳು ನೀನು. ಮೂರು ಮನೆಗೆ ತರಕಾರಿ ಕೊಟ್ಟಿದ್ದೀಯ, ಒಬ್ಬರ ಬಾಯಿಂದ ಬಂದ ಒಂದು ಮಾತನ್ನೂ ಬರೆದಿಲ್ಲ. ಡ್ರೈವರನ ಹೆಂಡತಿ ಏನಂದಳು? ಮೇಷ್ಟ್ರು ಏನಂದರು? ಎಲ್ಲರಿಗೂ ಸಂತೋಷ ಅಂತ ಬರೆಯುವುದು ಆಸ್ಪತ್ರೆಯ ಬೋರ್ಡಿನಲ್ಲಿ ರೋಗಿ ಕ್ಷೇಮ ಅಂತ ಬರೆದ ಹಾಗಿದೆ.

ನನ್ನ ಹತ್ತಿರ ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಏನಾಯಿತು ಹೇಳು.

ಮೊಂಡ


ಮೇ 6

ಮೊಂಡಾ,

ಹೇಳುತ್ತೇನೆ. ನಿನ್ನಿಂದ ಮುಚ್ಚಿಟ್ಟು ನನಗೇನು ಸಿಗಬೇಕಾಗಿದೆ.

ಮೊದಲ ಸಲ ಚೀಲ ಕೊಟ್ಟಾಗ ಎಲ್ಲರೂ ತೆಗೆದುಕೊಂಡರು. ನಾನೇ ಬಾಗಿಲು ತಟ್ಟಿ ಕೈಗೆ ಕೊಟ್ಟೆ. ಚೀಲ ವಾಪಸು ಕೊಡಲು ಬಂದೇ ಬರುತ್ತಾರೆ, ಬಂದಾಗ ಕೂರಿಸಿ ಟೀ ಕೊಡೋಣ ಅಂತ ಬೆಳಿಗ್ಗೆಯೇ ಮುಂದಿನ ಕೋಣೆ ಗುಡಿಸಿ, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದಿಟ್ಟೆ. ಯಾರೂ ಬಾಗಿಲು ತಟ್ಟಲಿಲ್ಲ. ಸಂಜೆ ನೋಡಿದರೆ ಮೂರೂ ಚೀಲಗಳು ಒಗೆದು, ಮಡಿಚಿ, ನನ್ನ ಗೇಟಿಗೆ ಸಿಕ್ಕಿಸಿದ್ದವು. ಎಷ್ಟು ಚೆನ್ನಾಗಿ ಮಡಿಚಿದ್ದರು ಅಂದರೆ ನಮ್ಮ ಲಾಂಡ್ರಿಯಲ್ಲೂ ಹಾಗೆ ಮಡಿಚುವವರು ಕಡಿಮೆ.

ಎರಡನೇ ಸಲ ಮೇಷ್ಟ್ರ ನೀಲಿ ಚೀಲ ಹೇಗೆ ಹೋಗಿತ್ತೋ ಹಾಗೇ ತುಂಬಿದ್ದು ತುಂಬಿದ ಹಾಗೆ ಗೇಟಿಗೆ ಬಂತು. ಬಾಣಂತಿ ಬಾಗಿಲನ್ನೇ ತೆರೆಯಲಿಲ್ಲ, ಒಳಗೆ ಅಳುತ್ತಿದ್ದ ಮಗುವಿನ ಬಾಯಿ ಮುಚ್ಚಿದ್ದು ಕೇಳಿಸಿತು. ಡ್ರೈವರನ ಹೆಂಡತಿ ಮಾತ್ರ ಬಾಗಿಲಿಗೆ ಬಂದಳು. "ನಮ್ಮನೇಲಿ ಏನು ಕಮ್ಮಿಯಾಗಿದೆ ಅಂತ ನಿಮಗೆ ಯಾರು ಹೇಳಿದ್ರು?" ಅಂದಳು. ನಾನು ಪೆದ್ದಿಯ ಹಾಗೆ ತಂತಿಯ ಕಡೆ ನೋಡಿದೆ. ಅವಳೂ ನೋಡಿದಳು. "ಕೆಂಪು ದಾರದ ಚೀಲ ಅಂದ್ರೆ ನಮ್ಮದು ಅಂತ ಅಂಗಡಿಯವನಿಗೂ ಗೊತ್ತು ಈಗ. ಸಾಲ ಕೊಡಲ್ಲ ಅಂತಾನೆ. ಡ್ಯೂಟಿ ಇಲ್ಲ ಅಂತ ಊರಿಗೆಲ್ಲ ಡಂಗುರ ಸಾರಿದ ಹಾಗಾಯ್ತು" ಅಂದಳು. ಜೋರಾಗಿ ಹೇಳಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಮೆಲ್ಲಗೆ ಹೇಳಿದಳು. ಮಾರನೆಯ ದಿನದಿಂದ ಆ ತಂತಿ ಖಾಲಿ, ಬಟ್ಟೆಯನ್ನು ಒಳಗೇ ಒಣಗಿಸುತ್ತಿದ್ದಾಳೆ.

ಒಳ್ಳೆಯದು ಮಾಡಲು ಹೋಗಿ ಅವರ ಬಿಸಿಲನ್ನೂ ಕಿತ್ತುಕೊಂಡೆ ನೋಡು.

ಈಗ ಮೂಲಂಗಿಯನ್ನು ಕಿತ್ತು ಹಿತ್ತಲ ಗುಂಡಿಗೇ ಹಾಕಿ ಮಣ್ಣು ಮುಚ್ಚುತ್ತಿದ್ದೇನೆ. ಕೊಳೆತ ವಾಸನೆ ಆಚೆ ಹೋದರೆ ಅದಕ್ಕೂ ನಾಚಿಕೆ. ನಿಜ ಹೇಳಲಾ? ನನಗೆ ಅವರ ಹೊಟ್ಟೆಯ ಚಿಂತೆ ಎಷ್ಟಿತ್ತೋ ನನ್ನ ಬಾಗಿಲಿನ ಚಿಂತೆಯೂ ಅಷ್ಟೇ ಇತ್ತು. ಯಾರಾದರೂ ಬರುತ್ತಾರೆ, ಬೀನ್ಸ್ ಎಳೆಯದಿತ್ತು, ಸೊಪ್ಪು ಸ್ವಲ್ಪ ಬಲಿತಿತ್ತು ಅಂತ ಏನಾದರೂ ಅನ್ನುತ್ತಾರೆ ಅಂತ ಆಸೆ. ನನ್ನ ಧ್ವನಿ ನಾನೇ ಕೇಳಿ ದಿನಗಟ್ಟಲೆ ಆಗುತ್ತದೆ. ಮೊನ್ನೆ ನಲ್ಲಿ ತಿರುಗಿಸಿ "ಬಂದ್ಯಾಪ್ಪಾ" ಅಂದೆ ನೀರಿಗೆ.

ನಿನ್ನ ಪೇಂಟರ್ ಹೇಳಿದ್ದು ಸರಿ. ಅವನನ್ನು ಕೇಳು, ಈಗ ನಾನೇನು ಮಾಡಲಿ ಅಂತ.

ಅಕ್ಕ


ಮೇ 22

ಅಕ್ಕಾ,

ಪೇಂಟರನ್ನು ಕೇಳಿದೆ. ಅವನು ಬಹಳ ಹೊತ್ತು ಮಾತಾಡಿದ. ಅವನ ಮಾತನ್ನು ಅವನು ಹೇಳಿದ ಹಾಗೇ ಬರೆಯಲು ನೋಡುತ್ತೇನೆ.

ಇಲ್ಲಿ ಒಂದು ಸಭಾಂಗಣ ಇದೆ, ವಾರಕ್ಕೊಮ್ಮೆ ಅಲ್ಲಿ ತರಕಾರಿ, ಬ್ರೆಡ್ಡು ಹಂಚುತ್ತಾರೆ. ಕೊಡುವವರು ಒಳ್ಳೆಯವರೇ. ಆದರೆ ಸಾಲು ಬೀದಿಯ ತನಕ ಬರುತ್ತದೆ, ಬಸ್ಸಿನಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಹಾಗಾಗಿ ಪೇಂಟರ್ ಗೋಡೆಯ ಕಡೆ ಮುಖ ಮಾಡಿ, ಗೋಡೆಯ ಸುಣ್ಣ ಹೇಗೆ ಎದ್ದಿದೆ ಅಂತ ಪರೀಕ್ಷೆ ಮಾಡುವವನ ಹಾಗೆ ನಿಲ್ಲುತ್ತಾನೆ. ಮೇಜಿನ ಹತ್ತಿರ ಹೋದಾಗ ಒಂದು ಪ್ರಶ್ನೆ ಕೇಳುತ್ತಾರೆ. "ಮನೇಲಿ ಎಷ್ಟು ಜನ?" ಅವನು ಒಬ್ಬನೇ ಅನ್ನುತ್ತಾನೆ. ಅವರು ಒಂದು ಸಣ್ಣ ಪೊಟ್ಟಣ ತೆಗೆಯುತ್ತಾರೆ. ಪೊಟ್ಟಣ ಸಣ್ಣದಾಯಿತು ಅಂತಲ್ಲ ಅಕ್ಕಾ. ಪ್ರತಿ ವಾರ ಅದನ್ನು ಬಾಯಿಬಿಟ್ಟು ಹೇಳಬೇಕಲ್ಲ, ಒಬ್ಬನೇ ಅಂತ, ಹಿಂದೆ ನಿಂತವರಿಗೂ ಕೇಳುವ ಹಾಗೆ. ಅದು ಕಷ್ಟ. ಒಂದು ಸಲ ಅವನು ಇಬ್ಬರು ಅಂದುಬಿಟ್ಟನಂತೆ. ದೊಡ್ಡ ಪೊಟ್ಟಣ ಕೊಟ್ಟರು. ಕೋಣೆಗೆ ತಂದು ಎರಡು ತಟ್ಟೆ ಇಟ್ಟು ನೋಡಿ ನಕ್ಕನಂತೆ.

ಅವನು ಹೇಳುವುದು ಇಷ್ಟು. ಚೀಲ ಬೇಡ, ಹೆಸರು ಬೇಡ. ಕೈಗೆ ಕೊಡಬೇಡ. ಬೀದಿಯ ಕಡೆ ಗೋಡೆಗೆ ಒಂದು ಹಲಗೆ ಹಾಕು. ಅಲ್ಲಿ ನೀನೂ ಇಡು, ಬೇರೆಯವರೂ ಇಡಬಹುದು ಅಂತ ಕಾಣಿಸಲಿ. ಮೊದಲು ನೀನೇ ಅದರಿಂದ ಏನಾದರೂ ತೆಗೆದುಕೊಂಡು ಹೋಗು, ನಾಲ್ಕು ಜನ ನೋಡುವ ಹಾಗೆ. ಅಲ್ಲಿ ನಿಂತವನು ಇಡೋಕೆ ಬಂದನೋ ತಗೊಳ್ಳೋಕೆ ಬಂದನೋ ದಾರಿಯಲ್ಲಿ ಹೋಗುವವನಿಗೆ ತಿಳಿಯಬಾರದು. ಬೇಗ ಬೇಯುವಂಥದು ಇಡು, ಗ್ಯಾಸು ಮುಗಿಯುವ ಭಯ ಇರುತ್ತದೆ. ಹಸಿಯಾಗಿಯೇ ತಿನ್ನುವಂಥದು ಇನ್ನೂ ಒಳ್ಳೆಯದು. ಆ ಕುಂಬಳಕಾಯಿಯನ್ನು ಕತ್ತರಿಸಿ ಹೋಳು ಮಾಡಿ ಇಡು, ಇಡಿಯದು ಇಟ್ಟರೆ ಕಳ್ಳ ಕೂಡ ಮುಟ್ಟುವುದಿಲ್ಲ.

ಮುಖ್ಯವಾದದ್ದು, ಕಿಟಕಿಯಿಂದ ನೋಡಬೇಡ. ನೋಡುತ್ತಿದ್ದೀಯ ಅಂತ ಬೆನ್ನಿಗೆ ಗೊತ್ತಾಗುತ್ತದೆ. ನೀನು ನೋಡೇ ನೋಡುತ್ತೀಯ ಅಂತ ನನಗೆ ಗೊತ್ತು, ಅದಕ್ಕೇ ಎರಡು ಸಲ ಹೇಳುತ್ತಿದ್ದೇನೆ.

ಮೊಂಡ


ಜುಲೈ 8

ಪ್ರೀತಿಯ ಮೊಂಡನಿಗೆ,

ಹಲಗೆ ಹುಡುಕುವಾಗ ನಿನ್ನ ಭಾವನ ಬಸ್ ರ‍್ಯಾಕು ಕಣ್ಣಿಗೆ ಬಿತ್ತು. ಬಡಗಿಯನ್ನು ಕರೆಸಿ ಬೀದಿಯ ಗೋಡೆಗೆ ಹೊಡೆಸಿದೆ. ಅಂತೂ ಅವರ ಯಾವತ್ತಾದರೂ ಬಂತು. ಬಡಗಿ "ಬಸ್ ಯಾವಾಗ ಬರುತ್ತಮ್ಮಾ" ಅಂತ ಕೇಳಿದ. ಸೀಟಿದ್ದಿದ್ದರೆ ಬರುತ್ತಿತ್ತೋ ಏನೋ, ಅದನ್ನು ಗುಜರಿಗೆ ಹಾಕಿದೆ ಅಂದೆ.

ಚೀಲಗಳ ದಾರವನ್ನೆಲ್ಲ ಬಿಚ್ಚಿಹಾಕಿದೆ. ಪೇಂಟರ್ ಹೇಳಿದ ಹಾಗೆ ಎಲ್ಲರೂ ನೀರಿಗೆ ಹೋಗುವ ಹೊತ್ತಿಗೆ ನಾನೇ ಹೋಗಿ, ರ‍್ಯಾಕಿನಿಂದ ನನ್ನದೇ ಎರಡು ಟೊಮೆಟೊ ತೆಗೆದು, "ಇವತ್ತು ಮನೇಲಿ ಏನೂ ಇಲ್ಲ" ಅಂತ ಗಟ್ಟಿಯಾಗಿ ಹೇಳಿ ಸೆರಗಿಗೆ ಹಾಕಿಕೊಂಡೆ. ಹೇಳಿದವಳೇ ಯಾರ ಮುಖವನ್ನೂ ನೋಡದೆ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಸುಮ್ಮನೆ ನಾಟಕಕ್ಕೆ ಹೇಳುವುದೇ ಇಷ್ಟು ಕಷ್ಟವಾದರೆ ನಿಜವಾಗಿ ಹೇಳುವವರಿಗೆ ಹೇಗಿರಬೇಕು.

ಮೂರು ದಿನ ಏನೂ ಹೋಗಲಿಲ್ಲ. ನಾಲ್ಕನೆಯ ದಿನ ಸೊಪ್ಪು ಹೋಯಿತು. ಈಗ ಸಂಜೆಯೊಳಗೆ ರ‍್ಯಾಕು ಖಾಲಿ. ಖಾಲಿ ಅಂದರೆ ಪೂರ್ತಿ ಖಾಲಿಯಲ್ಲ, ಯಾರೋ ಅರ್ಧ ಬ್ರೆಡ್ಡು ಇಟ್ಟಿದ್ದರು. ಇನ್ನೊಂದು ದಿನ ಕೆತ್ತಿದ ಪೆನ್ಸಿಲುಗಳು, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದರು. ಯಾರಿಟ್ಟರು ಅಂತ ನನಗೆ ಗೊತ್ತು, ಆದರೆ ನನಗೆ ಗೊತ್ತಿಲ್ಲ. ಡ್ರೈವರನ ಮನೆಯ ತಂತಿಯ ಮೇಲೆ ಮತ್ತೆ ಬಟ್ಟೆ ಬಂದಿದೆ. ನಾನು ಆ ಕಡೆ ನೋಡುವುದನ್ನು ಬಿಟ್ಟಿದ್ದೇನೆ, ನಿನ್ನಾಣೆ.

ಇಷ್ಟೆಲ್ಲ ಸರಿಯಾಗಿದೆ. ಆದರೂ ಒಂದು ಮಾತು. ಮುಂಚೆ ಯಾರಾದರೂ ಬರಬಹುದು ಅಂತ ಕಾಯುವುದಾದರೂ ಇತ್ತು. ಈಗ ತೋಟ ಎಷ್ಟು ಚೆನ್ನಾಗಿ ನಡೆಯುತ್ತದೋ ನನ್ನ ಬಾಗಿಲಿಗೆ ಯಾರೂ ಬರದಿರುವುದು ಅಷ್ಟೇ ಖಾತ್ರಿ. ಗೋಡೆಯಾಚೆ ಹೆಜ್ಜೆ ಸಪ್ಪಳ ಕೇಳಿದರೆ ನೀರಿನ ಕ್ಯಾನು ಕೆಳಗಿಟ್ಟು ಉಸಿರು ಬಿಗಿಹಿಡಿದು ನಿಲ್ಲುತ್ತೇನೆ, ನಾನಿದ್ದೇನೆ ಅಂತ ಗೊತ್ತಾಗದಿರಲಿ ಅಂತ. ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗೆ. ಇದು ದೂರಲ್ಲ, ಆದರೆ ನಿನಗಲ್ಲದೆ ಯಾರಿಗೆ ಹೇಳಲಿ.

ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ಒಣಗಿಸಿದ ಬೀನ್ಸ್ ಬೀಜ ಇದೆ, ನಿನ್ನ ಭಾವನ ಬೂದು ಸ್ವೆಟರ್ ಇದೆ. ನಿನಗಲ್ಲ, ನಿನಗೇನು ಕಡಿಮೆ. ಪೇಂಟರಿಗೆ ಕೊಡು. ಭುಜದ ನೋವಿಗೆ ಬೆಚ್ಚಗಿರಬೇಕು. ಹೇಗಾಯಿತು ಅಂತ ತಪ್ಪದೆ ಬರೆ.

ನಿನ್ನ ಅಕ್ಕ


ಜುಲೈ 25

ಅಕ್ಕಾ,

ಪಾರ್ಸೆಲ್ ಬಂತು. ಪೇಂಟರಿಗೆ ಕೊಟ್ಟೆ. ಸ್ವೆಟರ್ ಹಾಕಿಕೊಂಡು ನೋಡಿದ, ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಎರಡು ತೋಳೂ ಮಣಿಕಟ್ಟಿಗೆ ಸರಿಯಾಗಿ ಕೂತವು. ಭಾವನ ಬೀಡಿಯ ವಾಸನೆ ಇನ್ನೂ ಇದೆ.

ಬೀನ್ಸನ್ನು ಅವನು ದಿನಾ ಒಂದು ಹಿಡಿ ನೆನೆಹಾಕುತ್ತಾನೆ. ಕೆಲವನ್ನು ಡಬ್ಬದಲ್ಲಿ ನೆಟ್ಟು ಕಿಟಕಿಯಲ್ಲಿ ಇಟ್ಟಿದ್ದಾನೆ. ಆ ಕಿಟಕಿಗೆ ಬಿಸಿಲು ಬರುವುದಿಲ್ಲ, ಆದರೂ ಇಟ್ಟಿದ್ದಾನೆ.

ನನಗೆ ಕೆಲಸ ಜಾಸ್ತಿ. ಇಷ್ಟೇ ಬರೆಯಲು ಆಯಿತು.

ಮೊಂಡ


ಆಗಸ್ಟ್ 11

ಪ್ರೀತಿಯ ಮೊಂಡನಿಗೆ,

ಸ್ವೆಟರ್ ಸರಿಯಾಗಿ ಕೂತಿತು ಅಂತ ತಿಳಿದು ಸಂತೋಷವಾಯಿತು. ಕಳಿಸುವ ಮುಂಚೆ ಎಡತೋಳನ್ನು ಎರಡು ಬೆರಳು ಒಳಕ್ಕೆ ಮಡಿಚಿ ಹೊಲಿದಿದ್ದೆ. ಎಡದ್ದು ಮಾತ್ರ. ಪೇಂಟರಿಗೆ ಎರಡೂ ತೋಳು ಸರಿಹೋಯಿತಲ್ಲ, ಸಾಕು.

ಅದರ ವಿಷಯ ನಾನು ಇನ್ನೇನೂ ಕೇಳುವುದಿಲ್ಲ. ಲಿಫ್ಟಿನ ವಿಷಯವನ್ನೂ ಕೇಳುವುದಿಲ್ಲ. ಒಂದೊಲೆಯ ಕೋಣೆಯಲ್ಲಿ ಕುಂಬಳಕಾಯಿ ಬೇಯುವುದಿಲ್ಲ ಅನ್ನುವುದು ನೋಡಿದವರಿಗೆ ತಿಳಿಯುವ ಮಾತಲ್ಲ, ಅಲ್ಲಿ ಬದುಕಿದವರಿಗೆ ಮಾತ್ರ ತಿಳಿಯುವುದು. ನಿನ್ನ ಮೇ ತಿಂಗಳ ಕಾಗದವನ್ನೂ ಮಡಿಕೆ ಹರಿಯುವ ತನಕ ಓದಿದ್ದೇನೆ. ಮನೆಮಂದಿಗೆಲ್ಲ ಕೊಟ್ಟೇ ಅಭ್ಯಾಸವಾದ ಕೈ ಅದು. ನನ್ನ ಮದುವೆಯ ಹಾಸಿಗೆಯಿಂದ ಹಿಡಿದು ಭಾವನ ಔಷಧಿಯ ತನಕ ಅದೇ ಕೈ ಕೊಟ್ಟದ್ದು. ಅಂಥ ಕೈಯನ್ನು ಚಾಚುವುದು ಎಷ್ಟು ಭಾರ ಅಂತ ನನಗೆ ಈಗ ಸ್ವಲ್ಪ ಗೊತ್ತು, ಎರಡು ಟೊಮೆಟೊದಷ್ಟು ಗೊತ್ತು.

ನನಗೊಂದು ಸಹಾಯ ಆಗಬೇಕು. ರ‍್ಯಾಕಿಗೆ ತುಕ್ಕು ಹಿಡಿಯುತ್ತಿದೆ, ಬಣ್ಣ ಹೊಡೆಯಬೇಕು. ಹಿಂದಿನ ಕೋಣೆಯ ಗೋಡೆಯೂ ಹಾಳಾಗಿದೆ. ನಿನಗೆ ಕೆಲಸ ಜಾಸ್ತಿ, ನೀನು ಬರುವುದು ಬೇಡ. ಪೇಂಟರನ್ನು ಕಳಿಸು. ರ‍್ಯಾಕು ಸೊಂಟದ ಎತ್ತರಕ್ಕಿದೆ, ಕೈ ಮೇಲಕ್ಕೆ ಎತ್ತಬೇಕಾಗಿಲ್ಲ. ಕೋಣೆಯ ಗೋಡೆಯನ್ನು ಅವನ ಕೈ ಎಟುಕುವ ತನಕ ಹೊಡೆದರೆ ಸಾಕು, ಮೇಲಿನದು ಹಾಗೇ ಇರಲಿ, ಯಾರು ನೋಡಬೇಕು. ಅವಸರವಿಲ್ಲ. ಎಷ್ಟು ದಿನ ಹಿಡಿದರೂ, ಎಷ್ಟು ವರ್ಷ ಹಿಡಿದರೂ ಆಗುತ್ತದೆ. ಕೋಣೆ ಗುಡಿಸಿದ್ದೇನೆ, ಹೊದಿಕೆ ಒಗೆದು ಬಿಸಿಲಿಗೆ ಹಾಕಿದ್ದೇನೆ. ಯಾವುದಕ್ಕೂ ಗುರುತು ಹಾಕಿಲ್ಲ.

ಬೀನ್ಸಿನ ಹೊಸ ಸಾಲು ಹಾಕುವ ಹೊತ್ತು ಬಂದಿದೆ. ನಾನು ಹಾಕಿದ ಸಾಲು ಯಾಕೋ ಸೊಟ್ಟಗೇ ಹೋಗುತ್ತದೆ. ಪೇಂಟರಿಗೆ ಅದೂ ಬರುತ್ತದೇನೋ ಕೇಳು.

ಮನೆಯಲ್ಲಿ ಎಷ್ಟು ಜನ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಇಬ್ಬರು ಅಂತ ನಾನು ಹೇಳುತ್ತೇನೆ.

ಒಂದೇ ಒಂದು ಷರತ್ತು. ರ‍್ಯಾಕು ಇರುವುದು ಬಾಗಿಲು ತಟ್ಟಲು ಮನಸ್ಸಿಲ್ಲದವರಿಗೆ. ಅವನು ಬಾಗಿಲು ತಟ್ಟಿಯೇ ಬರಬೇಕು. ಚಿಲಕ ಹಾಕಿರುವುದಿಲ್ಲ, ಆದರೂ ತಟ್ಟಬೇಕು. ಆ ಸದ್ದು ಕೇಳಿ ಬಹಳ ದಿನವಾಯಿತು.

ನಿನ್ನ ಅಕ್ಕ


ಸೆಪ್ಟೆಂಬರ್ 14

ಮೊಂಡಾ,

ನಿನ್ನ ಉತ್ತರ ಇಲ್ಲ. ಅಂಚೆಯವನಿಗೆ ಈಗ ನನ್ನ ಮುಖ ನೋಡಿದರೇ ಮುಜುಗರ, ನಮ್ಮ ಮನೆ ಬಂದಾಗ ಸೈಕಲ್ ಬೇಗ ತುಳಿಯುತ್ತಾನೆ.

ಸ್ವೆಟರಿನ ಮಾತು ಬರೆಯಬಾರದಿತ್ತೇನೋ. ಡ್ರೈವರನ ಹೆಂಡತಿಯ ತಂತಿಯ ಕಡೆ ನೋಡಿದ ಹಾಗೆ ನಿನ್ನ ತೋಳಿನ ಕಡೆ ನೋಡಿಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ನನ್ನಂಥವರಿಗೇ.

ಟೊಮೆಟೊ ಮುಗಿಯಿತು. ಕುಂಬಳಕಾಯಿ ಹೋಳು ಮಾಡಿ ಇಟ್ಟದ್ದು ಎಲ್ಲ ಹೋಯಿತು, ಪೇಂಟರಿಗೆ ಹೇಳು. ಬೀನ್ಸಿನ ಸಾಲು ಇನ್ನೂ ಹಾಕಿಲ್ಲ, ಮಣ್ಣು ಹದ ಮಾಡಿ ಬಿಟ್ಟಿದ್ದೇನೆ. ಹಿಂದಿನ ಕೋಣೆಯ ಕಿಟಕಿಗೆ ಮಧ್ಯಾಹ್ನದ ತನಕ ಬಿಸಿಲು ಬರುತ್ತದೆ. ಡಬ್ಬ ಇಡಲು ಜಾಗವೂ ಇದೆ.

ಬೇರೇನೂ ವಿಶೇಷವಿಲ್ಲ. ಒಂದು ಗೆರೆ ಬರೆದರೂ ಸಾಕು.

ಅಕ್ಕ


ಅಕ್ಟೋಬರ್ 2

ಅಕ್ಕಾ,

ನಿನ್ನ ಎರಡೂ ಕಾಗದ ಸಿಕ್ಕಿವೆ. ಮೊದಲನೆಯದಕ್ಕೆ ಉತ್ತರ ಬರೆದು ಹರಿದೆ, ಮತ್ತೆ ಬರೆದು ಮತ್ತೆ ಹರಿದೆ. ನೀನು ನೋಡಿದ್ದಕ್ಕೆ ಕೋಪವಿಲ್ಲ. ನೋಡುವವರು ಒಬ್ಬರಾದರೂ ಇದ್ದಾರಲ್ಲ ಅಂತ ಅನ್ನಿಸಿ, ಸ್ವೆಟರಿನ ಎಡತೋಳನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ತೋಳನ್ನು ಮಗುಚಿ ನೋಡಿದರೆ ಹೊಲಿಗೆ ಒಳಗಡೆಯಿಂದ ಹಾಕಿದ್ದೀಯ, ಹೊರಗೆ ಯಾರಿಗೂ ಕಾಣದ ಹಾಗೆ.

ಪೇಂಟರ್ ಬರಲು ಒಪ್ಪಿದ್ದಾನೆ. ಭಾನುವಾರದ ಬಸ್ಸಿಗೆ ಹೊರಡುತ್ತಾನೆ. ಸಾಮಾನು ಹೆಚ್ಚಿಲ್ಲ, ಒಂದು ಪಾತ್ರೆ, ಒಂದು ಡಬ್ಬ. ಡಬ್ಬದಲ್ಲಿ ಬೀನ್ಸಿನ ಗಿಡ ಇದೆ, ಬಿಸಿಲಿಲ್ಲದೆ ಬೆಳ್ಳಗೆ ಉದ್ದವಾಗಿದೆ, ಆದರೆ ಬದುಕಿದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಬಾಗಿಲು ತಟ್ಟುತ್ತಾನೆ, ನೀನು ಹೇಳಿದ ಹಾಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಬಂದ ಮೇಲೆ ನೀನು ಜೋರು ಮಾಡಬಾರದು. ಅವನಿಗೆ ಬೀನ್ಸಿನ ಸಾಲು ನೆಟ್ಟಗೆ ಹಾಕಲು ಬರುತ್ತದೆ. ಕೆಟ್ಟ ಲಿಫ್ಟ್ ಇದ್ದರೆ ಸರಿಮಾಡಲು ಬರುತ್ತದೆ. ಬಣ್ಣ ಹೊಡೆಯಲು ಬರುವುದಿಲ್ಲ.

ಮೊಂಡ